ಸೈಕಲ್ ತುಳಿಯುವುದು ಕಾಯಕವೇ?

ಮಂಡ್ಯದ ಸಮೀಪದ ವಿ.ಸಿ. ಫಾರಂ, ಅಂದರೆ ವಿಶ್ವೇಶ್ವರಯ್ಯ ನಾಲೆಯ ಹೆಸರು ಹೊತ್ತ ಕೃಷಿ ಸಂಶೋಧನಾ ಕ್ಷೇತ್ರವು, ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ರೂಪಿಸಿದ ನೆಲವಾಗಿದ್ದು, ಅಲ್ಲಿ ದುಡಿಮೆಯೆಂದರೆ ತೆನೆಯಾಗಿ ಕಣ್ಣಿಗೆ ಕಾಣುವ ದುಡಿಮೆ. ಅಂಥ ನೆಲದ ನಾಲೆ ಏರಿಯ ಮೇಲೆ ಮೈ ಕರಗಿಸಲೆಂದೇ ನಿತ್ಯ ಸೈಕಲ್ ತುಳಿಯುವವರ ಬೆವರಿಗೆ ಶರಣರ ಕಾಯಕದ ಸ್ಥಾನ ಸಲ್ಲುವುದೇ ಎಂಬುದು ಗಂಭೀರವಾದ ಪ್ರಶ್ನೆ; ಏಕೆಂದರೆ ಕಾಯಕದ ಫಲವು ದಾಸೋಹಕ್ಕೆ, ಎಂದರೆ ಸಮುದಾಯದೊಡನೆ ಹಂಚಿಕೊಳ್ಳುವುದಕ್ಕೆ, ಸಲ್ಲಬೇಕು.

ಬೆವರೊಂದೇ ಸಾಲದೆಂಬುದನ್ನು ಬೇರೆ ಪರಂಪರೆಗಳೂ ಸೂಚಿಸುತ್ತವೆ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನಲ್ಲಿ ಬಸದಿಗಳನ್ನು ಕಟ್ಟಿದ ಜೈನರ ಪರಂಪರೆಯು ಆರು ಬಾಹ್ಯತಪಸ್ಸುಗಳಲ್ಲಿ ದೇಹವನ್ನು ದಂಡಿಸುವ ಕಾಯಕ್ಲೇಶವನ್ನೂ ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವನ್ನೂ ಒಟ್ಟಿಗೇ ಎಣಿಸುತ್ತದೆ. ಈ ಜೋಡಣೆ ಎಷ್ಟು ಸರಿಯೆಂಬುದನ್ನು ಶರೀರದ ಲೆಕ್ಕವೇ ತೋರಿಸುತ್ತದೆ: ಮೈಯ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಅಡಗಿದ್ದು, ಒಂದು ಗಂಟೆಯ ಹದವಾದ ಸವಾರಿ ಅದರಲ್ಲಿ ಸುಮಾರು 400ನ್ನು ಮಾತ್ರ ವ್ಯಯಿಸುವುದರಿಂದ, ಸವಾರಿಯ ಬಳಿಕ ಕರಿದ ಬಿಸಿ ಮದ್ದೂರು ವಡೆಗೆ ಕೈಚಾಚಿದರೆ ಶ್ರಮದ ಬಹುಭಾಗ ತಟ್ಟೆಯಲ್ಲೇ ತೀರಿಹೋಗುತ್ತದೆ. ಗೀತೆಯ ಆರನೆಯ ಅಧ್ಯಾಯವೂ ಆಹಾರ, ವಿಹಾರಗಳೆರಡರಲ್ಲೂ ಮಿತಿಯನ್ನು ಯೋಗದ ಅಂಗವೆನ್ನುತ್ತದೆ.

ಕನ್ನಡಿಯ ಮುಂದಿನ ತೃಪ್ತಿಗಾಗಿ ಇಳಿಸಿದ ತೂಕ ದೇಹಾಭಿಮಾನದ ಇನ್ನೊಂದು ರೂಪವಷ್ಟೇ. ಆದರೆ ಅದೇ ಸೈಕಲ್ಲು ಗದ್ದೆಗೋ ಕಾಲೇಜಿಗೋ ಹೋಗುವ ವಾಹನವಾದಾಗ, ಸವಾರನ ಮೈ ಹಗುರಾಗುವುದು ದುಡಿಮೆಯ ಜೊತೆಗೇ ಒದಗುವ ಫಲವಾಗಿ, ಆ ದುಡಿಮೆ ಸಮುದಾಯಕ್ಕೂ ಸಲ್ಲುವುದಾದರೆ, ಆ ಶ್ರಮಕ್ಕೆ ಕಾಯಕವೆಂಬ ಹೆಸರು ನಿಸ್ಸಂದೇಹವಾಗಿ ಸಲ್ಲುತ್ತದೆ.