ಆರನೆಯ ಸೂನೆ

ಗೃಹಸ್ಥನ ಮನೆಯಲ್ಲಿ ಐದು ಹಿಂಸಾಸ್ಥಾನಗಳಿವೆಯೆಂದು ಮನುಸ್ಮೃತಿಯು ಎಣಿಸುತ್ತದೆ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ. ಇವೇ ಪಂಚಸೂನೆಗಳು. ಇವಿಲ್ಲದೆ ಸಂಸಾರವು ನಡೆಯದು. ನಡೆಯುವಾಗ ಕ್ರಿಮಿಕೀಟಗಳು ಸಾಯದಿರವು. ಆದುದರಿಂದಲೇ ಪಂಚಮಹಾಯಜ್ಞಗಳ ಮೂಲಕ ನಿತ್ಯವೂ ಆ ದೋಷಕ್ಕೆ ಪರಿಹಾರವನ್ನು ವಿಧಿಸಲಾಯಿತು. ಗೋಡೆಯಲ್ಲಿ ಸಡಿಲಗೊಂಡಿರುವ ವಿದ್ಯುತ್ ಸಾಕೆಟ್ಟನ್ನು ಆರನೆಯ ಸೂನೆಯೆಂದು ಎಣಿಸಬಹುದೆ?

ಶಿವನಸಮುದ್ರದ ವಿದ್ಯುಚ್ಛಕ್ತಿಯು ಬೆಂಗಳೂರಿನ ಬೀದಿಗಳನ್ನು ಬೆಳಗಿದುದು 1905ರಲ್ಲಿ. ಈಗ ಅದೇ ಊರಿನ ಪಶ್ಚಿಮಭಾಗದಲ್ಲಿ, ಮೈಸೂರು ರಸ್ತೆಯ ಬಳಿಯ ದೀಪಾಂಜಲಿ ನಗರದಲ್ಲಿ (ಹೆಸರೇ ದೀಪಗಳ ಅರ್ಪಣೆ) ಒಂದು ಮನೆಯನ್ನು ವಾಚಕರು ಭಾವಿಸಿಕೊಳ್ಳಲಿ. ಮಹಡಿಯಲ್ಲಿ ಮಾಲೀಕನು, ಕೆಳಗೆ ಬಾಡಿಗೆಯ ಸಂಸಾರ. ಬಚ್ಚಲುಮನೆಯ ಗೀಸರಿನ ಸಾಕೆಟ್ಟು ಅಲುಗಾಡುತ್ತದೆ. ಪ್ಲಗ್ಗನ್ನು ಕೊಂಚ ಎಡಕ್ಕೆ ಒತ್ತಿದರೆ ನೀರು ಕಾಯುತ್ತದೆ. “ಗೋಡೆ ಅವರದು” ಎಂದು ಬಾಡಿಗೆಯವನು. “ಉಪಯೋಗ ಅವರದು” ಎಂದು ಮಾಲೀಕನು. ಇಬ್ಬರ ಮಾತಿನಲ್ಲಿಯೂ ನ್ಯಾಯವಿಲ್ಲದಿಲ್ಲ.

2000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ತಂತಿಯನ್ನು ಹಿಡಿದಿರುವ ತಿರುಪು ಸಡಿಲವಾಗಿ, ಆ ಸಂಧಿಯಲ್ಲಿ ಅರ್ಧ ಓಮಿನಷ್ಟು ಪ್ರತಿರೋಧವು ಹುಟ್ಟಿದರೂ ಸಾಸಿವೆಯಷ್ಟು ಜಾಗದಲ್ಲಿ 35 ವ್ಯಾಟಿಗೆ ಮಿಕ್ಕ ಕಾವು ಕೂಡುತ್ತದೆ. ಫ್ಯೂಸಾಗಲಿ ಎಂ.ಸಿ.ಬಿ.ಯಾಗಲಿ ಇದನ್ನರಿಯದು, ಅವು ಕಾಯುವುದು ಪ್ರವಾಹವು ಮಿತಿಮೀರದಂತೆ, ಇಲ್ಲಿಯಾದರೋ ಅದು ಮೀರಿಯೇ ಇಲ್ಲ. ಕಂದಿದ ಪ್ಲಾಸ್ಟಿಕ್ಕು, ಸುಟ್ಟ ವಾಸನೆ, ಇವೇ ಸೂಚನೆ. ಅರಿಯತಕ್ಕವರು ಮನೆಯವರೇ.

ಒಲೆಯ ಹಿಂಸೆಯು ಅನಿವಾರ್ಯವಾದುದು, ಅರಿಯದೆ ನಡೆಯುವಂಥದು. ಇದು ಎರಡೂ ಅಲ್ಲ. ವಾಸನೆ ಬರುವ ಮೊದಲು ಅದು ಅಜ್ಞಾನ. ಬಂದ ಮೇಲೆ ಪ್ರಮಾದ. ನಲ್ಲಿ ತೊಟ್ಟಿಕ್ಕುತ್ತದೆ, ಕದ ಕಿರುಗುಟ್ಟುತ್ತದೆ, ಅವನ್ನೆಲ್ಲ ಯಾರು ಕೂಡಲೆ ಸರಿಮಾಡಿಸುತ್ತಾರೆಂದು ಕೇಳಬಹುದು. ಆದರೆ ಅಲ್ಲಿ ಸೋಮಾರಿಯಾದವನೇ ಆ ಕಷ್ಟವನ್ನೂ ಪಡುತ್ತಾನೆ. ಸಾಕೆಟ್ಟಿನ ವಿಷಯ ಹಾಗಲ್ಲ. ಕೈಯನ್ನು ಎಲ್ಲಿಡಬೇಕು, ಹೇಗೆ ಒತ್ತಬೇಕು ಎಂಬುದನ್ನು ಮನೆಯವರು ಕಲಿತುಬಿಟ್ಟಿದ್ದಾರೆ. ಈ ಕಲಿಕೆಯೇ ಅವರನ್ನು ನಿಶ್ಚಿಂತರನ್ನಾಗಿ ಮಾಡಿದೆ. ಮನೆಗೆಲಸಕ್ಕೆ ಬರುವ ಹೆಂಗಸಿಗೆ, ರಜೆಗೆ ಬಂದ ಮೊಮ್ಮಗುವಿಗೆ, ಒದ್ದೆಗೈಯ ಅತಿಥಿಗೆ ಆ ಗುಟ್ಟು ಗೊತ್ತಿಲ್ಲ. ತಡಮಾಡಿದವನು ತಿಳಿದವನು, ಫಲವನ್ನು ಉಣ್ಣುವವನು ತಿಳಿಯದವನು. ಪಂಚಮಹಾಯಜ್ಞಗಳು ಇದಕ್ಕೆ ಪರಿಹಾರವಾಗಲಾರವು.

ಉತ್ಸಾಹದ ಪ್ರಮಾದವೂ ಒಂದುಂಟು. ಹೊರಗಣ ಎರಡು ತಿರುಪುಗಳನ್ನು ಬಿಗಿದು ಸಾಕೆಟ್ಟು ಅಲುಗದಂತೆ ಮಾಡಿದವನು ದೋಷವನ್ನು ಕಳೆದವನಲ್ಲ, ಅದರ ಸೂಚನೆಯನ್ನು ಕಳೆದವನು. ಒಳಗಣ ಸಂಧಿಯನ್ನು ಬಿಚ್ಚುವುದಕ್ಕೆ ಮುಂಚೆ ಮೇನ್ ಸ್ವಿಚ್ಚನ್ನು ಆರಿಸಬೇಕು, ಯಾರೂ ಅದನ್ನು ಹಾಕದಂತೆ ಮನೆಮಂದಿಗೆಲ್ಲ ತಿಳಿಸಬೇಕು, ಪ್ರವಾಹವಿಲ್ಲವೆಂದು ಪರೀಕ್ಷಿಸಬೇಕು. ಕಂದಿದ ಸಾಕೆಟ್ಟನ್ನು ಬಿಗಿಯದೆ ಬದಲಾಯಿಸಬೇಕು. ಇಷ್ಟನ್ನು ಬಲ್ಲವರು ಕಡಮೆ. ಲೈಸೆನ್ಸು ಪಡೆದ ಕೆಲಸಗಾರನನ್ನು ಕರೆಸಿ ಕೂಲಿ ಕೊಡುವುದರಲ್ಲಿ ಅವಮಾನವೇನೂ ಇಲ್ಲ.

ಆ ಕೂಲಿ ಮಾಲೀಕನದೋ ಬಾಡಿಗೆಯವನದೋ ಎಂಬ ವ್ಯಾಜ್ಯವು ತೀರಲು ಒಂದು ವಾರ ಹಿಡಿಯಬಹುದು. ಅಲ್ಲಿಯವರೆಗೆ ಸ್ವಿಚ್ಚನ್ನು ಆರಿಸಿಟ್ಟು ಒಲೆಯ ಮೇಲೆ ನೀರು ಕಾಯಿಸಿಕೊಳ್ಳುವುದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.