ಮಗುವಿನ ಹುಟ್ಟುಹಬ್ಬಕ್ಕೆ ಹಡಗು ಹತ್ತಬಹುದೇ?





ಇಂದಿನ ಚಿಂತನೆಯ ವಿಷಯ ನಮ್ಮ ಬಳಗದಲ್ಲೇ ಹುಟ್ಟಿದ್ದು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನಮ್ಮವರೊಬ್ಬರು ಮಗಳ ಹತ್ತನೇ ಹುಟ್ಟುಹಬ್ಬಕ್ಕೆ ಕುಟುಂಬ ಸಮೇತ ಮುಂಬೈಯಿಂದ ಗೋವಾಕ್ಕೆ ಹೋಗುವ ವಿಹಾರ ಹಡಗು ಹತ್ತಿದರು. ಹಡಗಿನ ಊಟದ ಹಾಲಿನಲ್ಲಿ ಮಗು ಕೇಕು ಕತ್ತರಿಸುವ ಫೋಟೊ ನಮ್ಮ ಗುಂಪಿಗೂ ಬಂತು. ಸುತ್ತ ಹಡಗಿನ ಸಿಬ್ಬಂದಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಶುಭಾಶಯಗಳ ನಡುವೆ ಹಿರಿಯರೊಬ್ಬರು, ಇದು ತೃಷ್ಣೆಯಲ್ಲವೇ, ಧಮ್ಮದ ದಾರಿಯಲ್ಲಿ ಇರುವವರಿಗೆ ಇದು ಒಪ್ಪುತ್ತದೆಯೇ ಎಂದು ಕೇಳಿದರು. ಕೂಡಲೇ ಒಬ್ಬ ಯುವಕ, ಧಣಿಗಳ ಮಕ್ಕಳು ಹೋದಾಗ ಯಾರೂ ಕೇಳದ ಪ್ರಶ್ನೆ ನಮ್ಮ ಮಗು ಹೋದಾಗಲೇ ಏಕೆ ಬಂತು ಎಂದು ಮರುಪ್ರಶ್ನೆ ಹಾಕಿದ.

ಇಬ್ಬರ ಪ್ರಶ್ನೆಯಲ್ಲೂ ಹುರುಳಿದೆ. ಎರಡನ್ನೂ ಜೊತೆಗಿಟ್ಟುಕೊಂಡು ಸ್ವಲ್ಪ ಯೋಚಿಸೋಣ.

ಮೊದಲು ಹುಟ್ಟುಹಬ್ಬದ ಮಾತು. ನಾನು ಶಾಲಾ ಶಿಕ್ಷಕ. ನಮ್ಮ ಕಡೆಯ ಶಾಲೆಗಳ ಹಳೆಯ ದಾಖಲಾತಿ ಪುಸ್ತಕ ತೆರೆದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಕಾಫಿ ತೋಟದ ಲೈನ್ ಮನೆಗಳಿಂದ ಬಂದ ಮಕ್ಕಳ ಜನ್ಮದಿನ ಪುಟ ಪುಟದಲ್ಲೂ ಜೂನ್ 1. ಎಲ್ಲರೂ ಒಂದೇ ದಿನ ಹುಟ್ಟಿದವರಲ್ಲ. ತಾಯಿಗೆ ತಾರೀಖು ಗೊತ್ತಿರಲಿಲ್ಲ, ಮೇಷ್ಟ್ರು ಮಗುವಿನ ಎತ್ತರ ನೋಡಿ, ಹಲ್ಲು ನೋಡಿ, ಶಾಲೆಗೆ ಸೇರಲು ಹೊಂದುವ ಒಂದು ದಿನ ಬರೆದುಕೊಂಡರು. ನನ್ನ ಅವ್ವನಿಗೆ ಆ ಜೂನ್ 1 ಕೂಡ ಇರಲಿಲ್ಲ. ಕಾಫಿಗೆ ಹೂಮಳೆ ಬಿದ್ದ ವಾರ ಹುಟ್ಟಿದವಳು ಎಂದಷ್ಟೇ ಅವಳಿಗೆ ಗೊತ್ತಿತ್ತು, ಯಾವ ವರ್ಷದ ಹೂಮಳೆ ಎಂದು ಯಾರೂ ಹೇಳಲಿಲ್ಲ. ತೋಟದ ಮಸ್ಟರ್ ಪುಸ್ತಕದಲ್ಲಿ ಅವಳು ದುಡಿದ ದಿನಗಳೆಲ್ಲ ದಾಖಲಾಗಿದ್ದವು. ಹುಟ್ಟಿದ ದಿನ ಮಾತ್ರ ಎಲ್ಲಿಯೂ ದಾಖಲಾಗಲಿಲ್ಲ.

ಹೀಗಿರುವಾಗ ನಮ್ಮ ಮನೆಯ ಮಗುವಿಗೆ ಒಂದು ತಾರೀಖು ಇರುವುದು, ಆ ದಿನ ಮನೆಮಂದಿ ಅದರ ಸುತ್ತ ನಿಂತು ನೀನು ಹುಟ್ಟಿದ್ದು ನಮಗೆ ಸಂತೋಷ ಎಂದು ಹೇಳುವುದು ಸಣ್ಣ ಮಾತಲ್ಲ. ಬಾಬಾಸಾಹೇಬರು ಮತ್ತು ರಮಾಬಾಯಿಯವರ ಐವರು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡರು, ಯಶವಂತರು ಒಬ್ಬರೇ ಉಳಿದರು. ಮಗು ಇನ್ನೊಂದು ವರ್ಷ ಬದುಕಿತು ಎಂಬುದೇ ಹಬ್ಬವಾಗಬಹುದು ಎಂದು ನಮ್ಮ ಜನಕ್ಕೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಆದರೆ ಹುಟ್ಟೇ ದುಃಖ ಎಂದು ಬುದ್ಧ ಹೇಳಿಲ್ಲವೇ, ಅದನ್ನು ಸಂಭ್ರಮಿಸುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. 1957ರಲ್ಲಿ, ಬಾಬಾಸಾಹೇಬರ ಪರಿನಿಬ್ಬಾಣದ ನಂತರ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದ ಪೀಠಿಕೆಯನ್ನು ಇವರು ಮತ್ತೊಮ್ಮೆ ಓದಬೇಕು. ಹುಟ್ಟು, ಬದುಕು, ಸಾವು ಎಲ್ಲವೂ ದುಃಖವೇ ಆದರೆ ಮನುಷ್ಯನಿಗೆ ಭರವಸೆ ಎಲ್ಲಿ ಉಳಿಯಿತು ಎಂಬ ಪ್ರಶ್ನೆಯನ್ನು ಅಲ್ಲಿ ಅವರೇ ಎತ್ತಿದ್ದಾರೆ. ಧಮ್ಮವನ್ನು ನಿರಾಶೆಯ ಬೋಧನೆಯಾಗಿ ಓದುವುದನ್ನು ಅವರು ಒಪ್ಪಲಿಲ್ಲ. ಲೋಕದಲ್ಲಿ ದುಃಖವಿದೆ, ಅದನ್ನು ಕಳೆಯುವುದೇ ಧಮ್ಮದ ಕೆಲಸ ಎಂಬುದು ಅವರು ನಮಗೆ ತೋರಿಸಿದ ದಾರಿ. ಒಂದು ಮಗುವಿನ ಮುಖ ಅರಳಿಸುವುದು ಈ ಕೆಲಸದ ಹೊರಗಿನದಲ್ಲ.

ಇನ್ನು ರಜೆ ಮತ್ತು ಹಡಗು. ದುಡಿಯುವವನಿಗೆ ರಜೆ ಎಂಬುದು ಆಕಾಶದಿಂದ ಉದುರಿದ್ದಲ್ಲ. 1945ರಲ್ಲಿ ಕಾರ್ಖಾನೆ ಕಾರ್ಮಿಕರಿಗೆ ಸಂಬಳ ಸಹಿತ ರಜೆ ಕೊಡುವ ಕಾನೂನು ಬಂದಾಗ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದವರು ಬಾಬಾಸಾಹೇಬರು. ಮುಂದೆ 1951ರ ತೋಟ ಕಾರ್ಮಿಕರ ಕಾನೂನು, ಇಪ್ಪತ್ತು ದಿನ ದುಡಿದ ವಯಸ್ಕರಿಗೆ ಒಂದು ದಿನದ ಸಂಬಳ ಸಹಿತ ರಜೆ ಎಂದು ಬರೆಯಿತು. ಕಡಲ ಮಾತೂ ಹಾಗೆಯೇ. ಸಮುದ್ರಯಾನ ಮಾಡಿದರೆ ಜಾತಿ ಕೆಡುತ್ತದೆ ಎಂದು ಧರ್ಮಶಾಸ್ತ್ರಗಳು ಹೇಳುತ್ತಿದ್ದವು. 1888ರಲ್ಲಿ ಲಂಡನ್ನಿಗೆ ಹೊರಟ ಗಾಂಧಿಯವರನ್ನು ಅವರ ಜಾತಿಯವರು ಬಹಿಷ್ಕರಿಸಿದ್ದರು. ಬೌದ್ಧರಿಗೆ ಆ ಭಯ ಇರಲಿಲ್ಲ, ಧಮ್ಮ ಸಿಂಹಳಕ್ಕೆ ಹೋದದ್ದೇ ಕಡಲು ದಾಟಿ. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಬಾಬಾಸಾಹೇಬರು 1913ರ ಜುಲೈಯಲ್ಲಿ ನ್ಯೂಯಾರ್ಕ್ ತಲುಪಿದ್ದೂ ಹಡಗಿನಲ್ಲಿಯೇ. ಅಷ್ಟೇಕೆ, ನಮ್ಮ ಗಿರಿಯ ಕಾಫಿಯೇ ಯೆಮೆನ್‌ನಿಂದ ಕಡಲು ದಾಟಿ ಬಾಬಾ ಬುಡನ್ ಅವರ ಕೈಯಲ್ಲಿ ಏಳು ಬೀಜವಾಗಿ ಬಂತು ಎಂಬ ಪ್ರತೀತಿ ಇದೆ.

ಆದ್ದರಿಂದ ಯುವಕನ ಮಾತು ಸರಿ. ರಜೆಯೂ ಕಡಲೂ ಸಂತೋಷವೂ ಯಾರದೋ ಮನೆಯ ಆಸ್ತಿಯಲ್ಲ. ಬಡತನವನ್ನೇ ಗುಣವೆಂದು ಹಾಡಿ ಹೊಗಳುವುದು ಬಡವರಲ್ಲದವರು ಕಟ್ಟಿದ ಮಾತು.

ಹಾಗಾದರೆ ಹಿರಿಯರ ಪ್ರಶ್ನೆಗೆ ಏನು ಹೇಳೋಣ? ಅದಕ್ಕೆ ಬುದ್ಧರೇ ಒಂದು ಅಳತೆಗೋಲು ಕೊಟ್ಟಿದ್ದಾರೆ. ಸಾವತ್ಥಿಯ ವರ್ತಕ ಅನಾಥಪಿಂಡಿಕನಿಗೆ ಅವರು ಗೃಹಸ್ಥನ ನಾಲ್ಕು ಸುಖಗಳನ್ನು ಹೇಳಿದ್ದು ಅಂಗುತ್ತರ ನಿಕಾಯದಲ್ಲಿದೆ. ನ್ಯಾಯವಾಗಿ, ಬೆವರು ಸುರಿಸಿ ಗಳಿಸಿದ್ದು ತನ್ನಲ್ಲಿದೆ ಎಂಬ ಸುಖ ಒಂದು. ಅದನ್ನು ತಾನು ಉಂಡು, ಇತರರಿಗೂ ಕೊಡುವ ಸುಖ ಎರಡು. ಯಾರಿಗೂ ಸ್ವಲ್ಪವೂ ಸಾಲಗಾರನಲ್ಲ ಎಂಬ ಸುಖ ಮೂರು. ಮೈ, ಮಾತು, ಮನಸ್ಸಿನಲ್ಲಿ ದೋಷವಿಲ್ಲ ಎಂಬ ಸುಖ ನಾಲ್ಕು. ಗಮನಿಸಿ, ಉಣ್ಣುವ ಸುಖವನ್ನು ಬುದ್ಧರು ಪಟ್ಟಿಯಿಂದ ಹೊರಗಿಡಲಿಲ್ಲ. ಆದರೆ ಅದನ್ನು ಒಂಟಿಯಾಗಿಯೂ ಬಿಡಲಿಲ್ಲ.

ಬೆಂಗಳೂರಿನ ಆ ಕುಟುಂಬದ ಲೆಕ್ಕ ನನಗೆ ಗೊತ್ತಿಲ್ಲ, ಕೇಳುವ ಅಧಿಕಾರವೂ ನನಗಿಲ್ಲ. ನನ್ನ ಚಿಂತೆ ಆ ಫೋಟೊ ನೋಡಿದ ಉಳಿದ ಮನೆಗಳದು.

ಮೂರನೆಯ ಸುಖವನ್ನೇ ಹಿಡಿಯೋಣ. ಈ ಬೆಟ್ಟಸಾಲಿನಲ್ಲಿ ಸಾಲ ಎಂದರೆ ಏನು ಎಂದು ನಮ್ಮ ಅಜ್ಜಂದಿರನ್ನು ಕೇಳಬೇಕಿತ್ತು. ಮೇಸ್ತ್ರಿ ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ ಆಳುಗಳನ್ನು ಕರೆತರುತ್ತಿದ್ದ. ಆ ಮುಂಗಡ ತೀರುವವರೆಗೆ ತೋಟ ಬಿಡುವಂತಿರಲಿಲ್ಲ, ತೀರುವ ಹೊತ್ತಿಗೆ ಮದುವೆಗೋ ಕಾಯಿಲೆಗೋ ಹೊಸ ಮುಂಗಡ ಸೇರುತ್ತಿತ್ತು. ಅಪ್ಪನ ಮುಂಗಡ ಮಗನ ಹೆಗಲಿಗೆ ಬರುತ್ತಿತ್ತು. ಜೀತ ಪದ್ಧತಿ ರದ್ದತಿ ಕಾನೂನು ಬಂದದ್ದು 1976ರಲ್ಲಿ. ನಮ್ಮಲ್ಲಿ ಅನೇಕರು ಹುಟ್ಟಿದ್ದು ಅದರ ಆಸುಪಾಸಿನಲ್ಲೇ.

ಈಗ ಮೇಸ್ತ್ರಿ ಮನೆ ಬಾಗಿಲಿಗೆ ಬರುವುದಿಲ್ಲ, ಮೊಬೈಲಿಗೆ ಬರುತ್ತಾನೆ. ಈಗ ಸುತ್ತಾಡಿ, ಆಮೇಲೆ ಕಂತು ಕಟ್ಟಿ ಎನ್ನುತ್ತಾನೆ. ಅರವತ್ತು ಸಾವಿರ ರೂಪಾಯಿ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದರೆ ತಿಂಗಳಿಗೆ 1,200, ವರ್ಷಕ್ಕೆ 14,400. ಅಸಲು ಹಾಗೆಯೇ ನಿಂತಿರುತ್ತದೆ. ಕಡಲ ಮೇಲೆ ಕಳೆದ ಎರಡು ರಾತ್ರಿಗೆ ಮುಂದಿನ ಹುಟ್ಟುಹಬ್ಬದವರೆಗೂ ದುಡಿಯಬೇಕು. ಮಗುವಿಗೆ ಕಾಣುವುದು ಕೇಕು ಮಾತ್ರ, ರಾತ್ರಿ ಅಪ್ಪ ಅಮ್ಮ ಪಿಸುದನಿಯಲ್ಲಿ ಜಗಳವಾಡುವುದು ಏಕೆಂದು ಅದಕ್ಕೆ ಗೊತ್ತಾಗುವುದಿಲ್ಲ. ಮುಂಗಡದಿಂದ ಬಿಡಿಸಿಕೊಂಡು ಬಂದ ಮನೆತನ ಮಗುವಿನ ಹೆಸರಿನಲ್ಲಿ ಮತ್ತೆ ಮುಂಗಡ ತೆಗೆದುಕೊಳ್ಳಬಾರದು.

ಎಷ್ಟು ಖರ್ಚು ಮಾಡಬಹುದು ಎಂಬುದಕ್ಕೂ ಬುದ್ಧರ ಲೆಕ್ಕವಿದೆ. ಸಿಗಾಲ ಎಂಬ ಗೃಹಸ್ಥ ಯುವಕನಿಗೆ ಅವರು, ಗಳಿಕೆಯನ್ನು ನಾಲ್ಕು ಪಾಲು ಮಾಡು, ಒಂದನ್ನು ಅನುಭವಿಸು, ಎರಡನ್ನು ಕಸುಬಿಗೆ ಹಾಕು, ನಾಲ್ಕನೆಯದನ್ನು ಆಪತ್ತಿಗೆ ಇಡು ಎಂದು ತಿಳಿಸಿದರು. ಸಂಬಳದಾರರಿಗೆ ಕಸುಬು ಎಂದರೆ ಮಕ್ಕಳ ಓದು ಎಂದು ತಿಳಿಯಬಹುದು. ಅನುಭವಿಸುವ ಪಾಲಿನಲ್ಲಿ ಹಡಗು ಹಿಡಿಸಿದರೆ ಧಾರಾಳವಾಗಿ ಹತ್ತಿ. ಹಿಡಿಸದಿದ್ದರೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಪಣಂಬೂರಿಗೆ ಹೋಗಿ, ಮಗುವಿನ ಕೈ ಹಿಡಿದು ತೆರೆಯಲ್ಲಿ ನಿಲ್ಲಿ. ಅಲ್ಲಿನ ಬಂದರಿಗೆ ದೊಡ್ಡ ವಿಹಾರ ಹಡಗುಗಳೂ ಬರುತ್ತವೆ. ಕಡಲು ಅದೇ.

ನಾಲ್ಕನೆಯ ಸುಖ ಇನ್ನೂ ಸೂಕ್ಷ್ಮ. ಉಳಿದ ಮೂರೂ ಇದರ ಹದಿನಾರರಲ್ಲಿ ಒಂದು ಪಾಲಿಗೂ ಸಮವಲ್ಲ ಎಂದು ಬುದ್ಧರು ಹೇಳಿದ್ದಾರೆ. ಹಡಗಿನಲ್ಲಿ ಬಾರ್ ಇರುತ್ತದೆ, ಜೂಜಿನ ಮೇಜೂ ಇರಬಹುದು. ಪಂಚಶೀಲ ದಡದಲ್ಲಿ ಬಿಟ್ಟು ಹೋಗುವ ಸಾಮಾನಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ದೋಷ: ನಮ್ಮ ಸಂತೋಷದ ಭಾರವನ್ನು ಯಾರು ಹೊರುತ್ತಾರೆ ಎಂದು ನೋಡದೇ ಇರುವುದು.

ಇದನ್ನು ಅತ್ತಿಗುಂಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಶನಿವಾರ, ಭಾನುವಾರ ಬಾಬಾ ಬುಡನ್‌ಗಿರಿಗೆ, ಹೊನ್ನಮ್ಮನ ಹಳ್ಳಕ್ಕೆ ಸಾಲುಗಟ್ಟಿ ಕಾರುಗಳು ಬರುತ್ತವೆ. ತಿರುವಿನಲ್ಲಿ ಕಾರು ನಿಲ್ಲಿಸಿ, ಬಾನೆಟ್ಟಿನ ಮೇಲೆ ಕೇಕಿಟ್ಟು ಹುಟ್ಟುಹಬ್ಬ ಮಾಡುವವರನ್ನು ನಾವು ಎಷ್ಟು ಸಲ ನೋಡಿಲ್ಲ! ಹಾಡು ಮುಗಿಯುತ್ತದೆ, ಕಾರು ಹೋಗುತ್ತದೆ. ಥರ್ಮಾಕೋಲ್ ತಟ್ಟೆ, ನೊರೆಯ ಡಬ್ಬಿ, ಬಾಟಲಿ ಚೂರು ಉಳಿಯುತ್ತವೆ. ಸೋಮವಾರ ಅದನ್ನು ಬಾಚುವ ಕೈಗಳು ನಮ್ಮ ಹೆಣ್ಣುಮಕ್ಕಳವು. ಬಂದವರು ಕೆಟ್ಟವರೇನಲ್ಲ, ಅವರಿಗೆ ಆ ಕೈಗಳು ಕಾಣಲಿಲ್ಲ ಅಷ್ಟೆ.

ಹಡಗಿನಲ್ಲಿ ನಾವೇ ಆ ಕಾರಿನವರ ಜಾಗದಲ್ಲಿ ಇರುತ್ತೇವೆ. ಚಪ್ಪಾಳೆ ತಟ್ಟಿದ ಹುಡುಗನ ಮಗುವಿಗೂ ಎಲ್ಲೋ ಒಂದು ಊರಿನಲ್ಲಿ ಹುಟ್ಟುಹಬ್ಬ ಬರುತ್ತದೆ, ಆ ದಿನ ಅವನು ಕಡಲಲ್ಲಿರುತ್ತಾನೆ. ಹಡಗು ಕೆಲಸಗಾರರಿಗಾಗಿ 2006ರ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ, ಭಾರತ ಅದನ್ನು 2015ರಲ್ಲಿ ಅಂಗೀಕರಿಸಿತು. ದಿನಕ್ಕೆ ಕನಿಷ್ಠ 10 ಗಂಟೆ ವಿಶ್ರಾಂತಿ, ಇಲ್ಲವೇ ಗರಿಷ್ಠ 14 ಗಂಟೆ ದುಡಿಮೆ ಎಂಬುದು ಅದರ ಅಳತೆ. ಹದಿನಾಲ್ಕು ಗಂಟೆ ಎಂಬುದೇ ಮಿತಿಯಾದರೆ ಆ ಕೆಲಸ ಎಂಥದ್ದೆಂದು ಊಹಿಸಿ. ಇದನ್ನು ತಿಳಿದು ಪ್ರಯಾಣ ಬಿಡಬೇಕೆಂದು ನಾನು ಹೇಳುವುದಿಲ್ಲ, ಹಾಗೆ ಮಾಡಿದರೆ ಅವನ ಸಂಬಳಕ್ಕೇ ಕುತ್ತು. ಅವನ ಹೆಸರು ಕೇಳಲು, ಊರು ಕೇಳಲು, ಮೊದಲ ಕೇಕಿನ ತುಂಡು ಅವನಿಗೆ ಕೊಡಲು ಮಗುವಿಗೆ ಕಲಿಸಬಹುದು. ಎಂಜಲು ತಟ್ಟೆ ಎತ್ತುವವನು ಮನುಷ್ಯ ಎಂದು ತಿಳಿಯಲು ಅಂಬೇಡ್ಕರರ ಮನೆಯ ಮಗುವಿಗೆ ಪಾಠ ಬೇಕಾಗಿ ಬಂದರೆ ನಾವು ಬಿಟ್ಟುಬಂದದ್ದು ಏನನ್ನು?

ಇನ್ನೊಂದು ಕಡೆಯೂ ಭಾರ ಬೀಳುತ್ತದೆ. ನನ್ನ ತರಗತಿಯಲ್ಲಿ ಲೈನ್ ಮನೆಯ ಒಬ್ಬ ಹುಡುಗಿ ಇದ್ದಳು. ಒಂದು ದಿನವೂ ಶಾಲೆ ತಪ್ಪಿಸದವಳು ಒಂದು ಬುಧವಾರ ಬರಲಿಲ್ಲ. ಮರುದಿನ ಹಾಜರಿ ಪುಸ್ತಕ ನೋಡಿದಾಗ ತಿಳಿಯಿತು, ಬುಧವಾರ ಅವಳ ಹುಟ್ಟಿದ ದಿನ. ಉಳಿದ ಮಕ್ಕಳು ಬಣ್ಣದ ಬಟ್ಟೆ ತೊಟ್ಟು ಎಲ್ಲರಿಗೂ ಚಾಕಲೇಟ್ ಹಂಚುತ್ತಿದ್ದರು. ಅವಳಲ್ಲಿ ಹಂಚಲು ಏನೂ ಇರಲಿಲ್ಲ. ಅವಳ ಅಜ್ಜಿಗೆ ಹುಟ್ಟಿದ ದಿನ ಇರಲಿಲ್ಲ. ಇವಳಿಗೆ ಇದೆ, ಆ ದಿನ ಅವಿತು ಕೂರಬೇಕಾಯಿತು. ಅಂದಿನಿಂದ ನಮ್ಮ ತರಗತಿಯಲ್ಲಿ ತಿಂಗಳ ಕೊನೆಯ ಶನಿವಾರ ಆ ತಿಂಗಳು ಹುಟ್ಟಿದ ಎಲ್ಲರ ಹಬ್ಬವನ್ನೂ ಒಟ್ಟಿಗೆ ಮಾಡುತ್ತೇವೆ. ಬೆಲ್ಲ, ಕಡಲೆ, ಒಂದು ಕತೆ. ಯಾರು ಏನು ತಂದರು ಎಂಬ ಲೆಕ್ಕ ಇಲ್ಲ.

ಹುಟ್ಟನ್ನು ಹೇಗೆ ಗೌರವಿಸಬೇಕು ಎಂಬುದಕ್ಕೆ ಅಶೋಕ ಒಂದು ಮಾದರಿ ಬಿಟ್ಟುಹೋಗಿದ್ದಾನೆ. ಪಟ್ಟಕ್ಕೆ ಬಂದ ಇಪ್ಪತ್ತು ವರ್ಷಗಳ ಮೇಲೆ ಅವನು ಬುದ್ಧರು ಹುಟ್ಟಿದ ಲುಂಬಿನಿಗೆ ಹೋದ. ಕಲ್ಲಿನ ಕಂಬ ನಿಲ್ಲಿಸಿದ. ಅಷ್ಟಕ್ಕೇ ಬಿಡದೆ ಆ ಹಳ್ಳಿಯ ತೆರಿಗೆ ಮನ್ನಾ ಮಾಡಿ, ಬೆಳೆಯ ಪಾಲನ್ನು ಎಂಟರಲ್ಲಿ ಒಂದಕ್ಕೆ ಇಳಿಸಿದ. ಇದು ಆ ಕಂಬದ ಮೇಲೆಯೇ ಕೆತ್ತಿದೆ. ಒಬ್ಬರು ಹುಟ್ಟಿದ್ದಕ್ಕೆ ಇಡೀ ಊರಿನ ಹೊರೆ ಇಳಿಯಿತು. ಉಂಡು ಕೊಡುವ ಎರಡನೆಯ ಸುಖಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಾವು ಅರಸರಲ್ಲ. ಆದರೂ ಹಡಗಿನ ಚೀಟಿಯ ಖರ್ಚಿನ ಜೊತೆಗೆ ಒಂದು ಮಗುವಿನ ಪರೀಕ್ಷಾ ಶುಲ್ಕ ಸೇರಿಸಬಹುದು, ಕೇಕಿನ ಜೊತೆಗೆ ಲೈನಿನ ಮಕ್ಕಳಿಗೆ ನಾಲ್ಕು ಪುಸ್ತಕ ಸೇರಿಸಬಹುದು. ಆ ಹಿರಿಯರಿಗೆ ನನ್ನ ಉತ್ತರ ಇಷ್ಟು: ತೃಷ್ಣೆ ಹಡಗಿನಲ್ಲಿಲ್ಲ. ಸಾಲ ಮಾಡಿಯಾದರೂ ಅವರಂತೆ ಕಾಣಿಸಿಕೊಳ್ಳಬೇಕು ಎಂಬ ಉರಿಯಲ್ಲಿದೆ. ಆ ಯುವಕನಿಗೂ ಇಷ್ಟೇ ಹೇಳುತ್ತೇನೆ: ಧಣಿಗಳು ಹೋದಂತೆ ನಾವೂ ಹೋಗುವುದು ಹಕ್ಕು. ಧಣಿಗಳಂತೆ ಕೆಲಸದವರನ್ನು ಕಾಣದೆ ಬರುವುದು ಸೋಲು.

ಇಂದಿನ ಅಭ್ಯಾಸ: ಮನೆಯಲ್ಲಿ ಮುಂದಿನ ಹುಟ್ಟುಹಬ್ಬ ಯಾರದು ಎಂದು ನೋಡಿ. ಅದಕ್ಕೆ ಮುಡಿಪಿಡಬಹುದಾದ ಪಾಲು ಎಷ್ಟು ಎಂದು ಮಕ್ಕಳನ್ನೂ ಕೂರಿಸಿಕೊಂಡು ಕಾಗದದ ಮೇಲೆ ಬರೆಯಿರಿ. ಯಾರಿಗೆ ಹಂಚಬೇಕು ಎಂದು ಮಗುವನ್ನೇ ಕೇಳಿ. ಲೆಕ್ಕ ಮುಚ್ಚಿಡಬೇಡಿ, ಅದೂ ಶಿಕ್ಷಣವೇ.

ಸಾಧು, ಸಾಧು, ಸಾಧು.
ಜೈಭೀಮ್.