ಅರ್ಧಬಲದ ವಿಧಿಯೂ ಸಿಂಗಲ್ಸ್ ಆಟವೂ

ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟನ್ನು ಮಾತ್ರ ಬಳಸಿ ಮಾಡತಕ್ಕದ್ದೆಂದು ಸುಶ್ರುತಸಂಹಿತೆಯು ವಿಧಿಸುತ್ತದೆ. ವಾಗ್ಭಟನದೂ ಅದೇ ಮತ. ಆತನು ಆ ಅರ್ಧವನ್ನು ಕೂಡ ಶೀತಕಾಲಕ್ಕೂ ವಸಂತಕ್ಕೂ ಮಾತ್ರ ಒಪ್ಪಿ, ಉಳಿದ ಋತುಗಳಲ್ಲಿ ಇನ್ನೂ ಕಡಿಮೆ ಸಾಕೆನ್ನುತ್ತಾನೆ. ಅರ್ಧವು ಮುಗಿಯಿತೆಂದು ತಿಳಿಯುವುದು ಹೇಗೆ? ಉಸಿರು ಬಾಯಿಗೆ ಬಂದಾಗ. ಈ ಗುರುತನ್ನು ಷಟಲ್ ಬ್ಯಾಡ್ಮಿಂಟನ್ನಿನ ಸಿಂಗಲ್ಸ್ ಆಟಕ್ಕೆ ಹಚ್ಚಿ ನೋಡಿದರೆ ಒಂದು ತೊಡಕು ಏಳುತ್ತದೆ. ಸಮಬಲರಾದ ಇಬ್ಬರು ಎದುರಾದಲ್ಲಿ ಮೊದಲನೆಯ ಗೇಮು ಮುಗಿಯುವುದರೊಳಗೇ ಇಬ್ಬರ ಬಾಯಿಯೂ ತೆರೆದಿರುತ್ತದೆ. ಹಾಗಾದರೆ ಈ ಆಟವನ್ನು ಚೆನ್ನಾಗಿ ಆಡಬೇಕೆನ್ನುವವನು ದೇಹವನ್ನು ಬೆಳೆಸುತ್ತಿರುವನೋ, ವೆಚ್ಚಮಾಡುತ್ತಿರುವನೋ?

ಸಾಗರ, ಹೊಸನಗರ, ತೀರ್ಥಹಳ್ಳಿಗಳ ವಾಚಕರಿಗೆ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಆಗುಂಬೆ, ಹುಲಿಕಲ್ಲುಗಳ ಮಳೆ ಹೊಡೆಯುವ ಸೀಮೆಯಿದು. ವರ್ಷದಲ್ಲಿ ಹಲವು ತಿಂಗಳು ಬಯಲಿನಲ್ಲಿ ಆಡುವಂತಿಲ್ಲ. ಸೂರಿನ ಕೆಳಗೆ ಆಡಬಹುದಾದ ಆಟಕ್ಕೆ ಹುಡುಗರು ಒಲಿಯುವುದು ಸಹಜವೇ. ಸುಗ್ಗಿ ಮುಗಿದ ಮೇಲೆ ಅಡಕೆ ಒಣಗಿಸಿದ ಅಂಗಳದಲ್ಲಿಯೇ ಗೆರೆಯೆಳೆದು ನೆಟ್ ಕಟ್ಟುವುದುಂಟು. ತಂದೆತಾಯಿಗಳು ಮೇಷ್ಟರನ್ನು ಕೇಳುವ ಮಾತು ಒಂದೇ: “ಮೈಗೆ ಒಳ್ಳೆಯದಷ್ಟೆ?” ಹೌದೆಂದು ಹೇಳಿ ಕಳುಹಿಸುವುದು ಬಹಳ ಸುಲಭ.

ಹೌದೆನ್ನುವುದಕ್ಕೆ ಆಧಾರವಿಲ್ಲದೆ ಇಲ್ಲ. ಸಿಂಗಲ್ಸಿನಲ್ಲಿ ಒಬ್ಬನೇ 17 ಅಡಿ ಅಗಲ, 22 ಅಡಿ ಉದ್ದದ ನೆಲವನ್ನು ಕಾಯಬೇಕು. ಐದೂವರೆ ಗ್ರಾಮನ್ನು ಮೀರದ, 16 ಗರಿಗಳ ಆ ಅಲ್ಪವಸ್ತುವು ಆತನನ್ನು ಕ್ಷಣಾರ್ಧದಲ್ಲಿ ಓಡಿಸುತ್ತದೆ, ನಿಲ್ಲಿಸುತ್ತದೆ, ಹಾರಿಸುತ್ತದೆ, ಬಾಗಿಸುತ್ತದೆ. ಹೃದಯವೂ ಶ್ವಾಸಕೋಶವೂ ಬಲಗೊಳ್ಳುತ್ತವೆ. ಕಣ್ಣಿಗೂ ಕಾಲಿಗೂ ಹೊಂದಾಣಿಕೆ ಬರುತ್ತದೆ. ಕೋಪನ್‌ಹೇಗನ್ ನಗರದಲ್ಲಿ ಬಹುಕಾಲ ನಡೆದು 2018ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯು, ಬ್ಯಾಡ್ಮಿಂಟನ್ ಆಡುವವರ ಆಯುಸ್ಸು ಸುಮ್ಮನೆ ಕುಳಿತವರದಕ್ಕಿಂತ 6.2 ವರ್ಷ ಹೆಚ್ಚೆಂದು ಎಣಿಸಿತು. (ಆಡುವುದಕ್ಕೆ ಬಿಡುವೂ ಸಂಗಡಿಗರೂ ಉಳ್ಳವರು ಆಡದಿದ್ದರೂ ಹೆಚ್ಚು ಬದುಕುತ್ತಿದ್ದರೇನೋ, ಸಾಹಚರ್ಯವನ್ನು ಕಂಡೊಡನೆ ಕಾರಣವೆನ್ನಲಾಗದೆಂಬುದು ತರ್ಕದ ಮೊದಲ ಪಾಠ.) ಆದರೆ ಅವರು ವಿನೋದಕ್ಕೆ ಆಡಿದ ಜನ. ಗೆಲ್ಲುವುದಕ್ಕಾಗಿ ಆಡುವವನಿಗೆ ಬೇರೆ ಲೆಕ್ಕವುಂಟು. ನೆಟ್ಟಿನ ಹತ್ತಿರ ಬಿದ್ದ ಷಟಲಿಗೆ ಆತನು ಬ್ಯಾಟು ಹಿಡಿದ ಕಡೆಯ ಕಾಲನ್ನೇ ಮುಂದಿಟ್ಟು ಚಾಚುವಾಗ ಮೈಯ ವೇಗವೆಲ್ಲವೂ ಆ ಒಂದು ಮಂಡಿಯ ಮೇಲೆ ಬಂದು ನಿಲ್ಲುತ್ತದೆ. ಹಿಮ್ಮಡಿಯ ಸ್ನಾಯುರಜ್ಜುವಿನ ಪಾಡೂ ಹಾಗೆಯೇ. ಒಂದು ತೋಳು ದಪ್ಪವಾಗುತ್ತದೆ, ಇನ್ನೊಂದು ಹಾಗೆಯೇ ಉಳಿಯುತ್ತದೆ. ಸಿಮೆಂಟಿನ ನೆಲವಾದರೆ ಪೆಟ್ಟು ಇನ್ನೂ ಹೆಚ್ಚು.

ಹೊಸನಗರದಿಂದ ಹುಲಿಕಲ್ ಘಾಟಿಯಿಳಿದು ಕುಂದಾಪುರದ ಕಡೆಗೆ ಹೋದರೆ ಪಡುಕೋಣೆಯೆಂಬ ಊರಿದೆ. ಆ ಮನೆತನದ ಪ್ರಕಾಶ ಪಡುಕೋಣೆಯವರು ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ ಆಟ ಕಲಿತರು. ಮದುವೆಯಿದ್ದ ದಿನ ಅಲ್ಲಿ ಆಟವಿಲ್ಲ. 1971ರಿಂದ 1979ರವರೆಗೆ ಸತತವಾಗಿ ಒಂಬತ್ತು ಸಲ ರಾಷ್ಟ್ರದ ಸಿಂಗಲ್ಸ್ ಪ್ರಶಸ್ತಿಯನ್ನು ಪಡೆದು, 1980ರಲ್ಲಿ ಲಂಡನ್ನಿನ ಆಲ್ ಇಂಗ್ಲೆಂಡ್ ಪಂದ್ಯದ ಕೊನೆಯ ಸುತ್ತಿನಲ್ಲಿ ಇಂಡೋನೇಷ್ಯದ ಲೀಮ್ ಸ್ವೀ ಕಿಂಗ್ ಎಂಬಾತನನ್ನು 15–3, 15–10ರಿಂದ ಸೋಲಿಸಿದರು. ಕಿಂಗನು ಹಿಂದಿನ ಎರಡು ವರ್ಷವೂ ಅಲ್ಲಿ ಗೆದ್ದವನು. ಹಾರಿ ಬಡಿಯುವ ಹೊಡೆತಕ್ಕೆ ಹೆಸರಾದವನು. ಪ್ರಕಾಶರು ಬಲಕ್ಕೆ ಬಲವನ್ನು ಒಡ್ಡಲಿಲ್ಲ. ಆಟದ ವೇಗವನ್ನು ತಗ್ಗಿಸಿ, ಷಟಲನ್ನು ಒಮ್ಮೆ ಹಿಂದಿನ ಗೆರೆಗೂ ಒಮ್ಮೆ ನೆಟ್ಟಿನ ಬುಡಕ್ಕೂ ಕಳುಹಿಸುತ್ತ, ಎದುರಾಳಿಗೆ ಹಾರುವ ಅವಕಾಶವೇ ಸಿಕ್ಕದಂತೆ ಮಾಡಿದರು. ಚೆನ್ನಾಗಿ ಆಡುವುದೆಂದರೆ ಬಹುಪಾಲು ಇದೇ: ಪ್ರತಿಯೊಂದು ಹೊಡೆತವಾದ ಮೇಲೂ ನಡುವಿಗೆ ಹಿಂತಿರುಗುವುದು, ಒಂದು ಹೆಜ್ಜೆ ಸಾಕಾದಲ್ಲಿ ಎರಡಿಡದಿರುವುದು. ಒರಟಾಗಿ ಆಡುವವನೇ ಹೆಚ್ಚು ಓಡುತ್ತಾನೆ, ಬೇಗ ನವೆಯುತ್ತಾನೆ.

ಹಾಗೆಂದು ಕೌಶಲವೊಂದೇ ದೇಹವನ್ನು ಕಾಯುವುದೆನ್ನಲಾಗದು. ಸ್ಪೇನ್ ದೇಶದ ಕರೊಲಿನಾ ಮರೀನ್ 2016ರ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದಾಕೆ. 2019ರಲ್ಲಿ ಬಲಮಂಡಿ, 2021ರಲ್ಲಿ ಎಡಮಂಡಿ ಕೆಟ್ಟು, ಎರಡರಿಂದಲೂ ಎದ್ದು ಬಂದು, 2024ರ ಪ್ಯಾರಿಸಿನ ಸೆಮಿಫೈನಲಿನಲ್ಲಿ ಮುಂದಿದ್ದಾಗಲೇ ಮತ್ತೆ ಬಲಮಂಡಿ ಕೈಕೊಟ್ಟು ಪಂದ್ಯವನ್ನು ಬಿಡಬೇಕಾಯಿತು. ಆಕೆಗೆ ಕೌಶಲದ ಕೊರತೆಯಿತ್ತೆಂದು ಯಾರು ಹೇಳಿಯಾರು?

ಇಲ್ಲಿ ಪೂರ್ವಪಕ್ಷಿಯು ಕೇಳಬಹುದು: ಯಕ್ಷಗಾನದ ವೇಷಧಾರಿಯು ಮಂಡಿ ಕುಣಿತದಲ್ಲಿ ಮಂಡಿಯನ್ನು ಸವೆಸುವುದಿಲ್ಲವೆ? ನಮ್ಮ ತೋಟದ ಕೊನೆಗೌಡನು ಮರದಿಂದ ಮರಕ್ಕೆ ದಾಟುತ್ತ ತೋಳುತೊಡೆಗಳನ್ನು ತೇಯುವುದಿಲ್ಲವೆ? ಅವರನ್ನು ಯಾರೂ ಸುಶ್ರುತನ ಮುಂದೆ ನಿಲ್ಲಿಸುವುದಿಲ್ಲ. ಮಾತು ಸರಿ. ಕೊನೆಗೌಡನ ವೆಚ್ಚವು ಹೊಟ್ಟೆಗಾಗಿ, ವೇಷಧಾರಿಯದು ಕಲೆಗಾಗಿ. ಎರಡನ್ನೂ ಆರೋಗ್ಯವೆಂದು ಯಾರೂ ಕರೆದಿಲ್ಲವೆಂಬುದೇ ಅವುಗಳ ಪ್ರಾಮಾಣಿಕತೆ. ಸಿಂಗಲ್ಸಿನ ಸಾಧಕನೂ ತನ್ನ ದೇಹವನ್ನು ತಿಳಿದು ವೆಚ್ಚಮಾಡುವುದಾದರೆ ಅದು ಒಂದು ಬಗೆಯ ತಪಸ್ಸೇ, ತಡೆಯುವುದಕ್ಕೆ ನಾವಾರು? ತೊಂದರೆಯಿರುವುದು ಹನ್ನೆರಡು ವರ್ಷದ ಹುಡುಗನಲ್ಲಿ. ಆತನು ತಿಳಿದು ಒಪ್ಪಿದವನಲ್ಲ. “ಮೈಗೆ ಒಳ್ಳೆಯದು” ಎಂಬ ಮಾತಿನ ಮೇಲೆ ಆತನನ್ನು ಕಳುಹಿಸಿ, ಆಮೇಲೆ ಮಂಡಿಗೆ ಪಟ್ಟಿ ಕಟ್ಟಿಸಿಯಾದರೂ ಪದಕ ತರಿಸುವುದು, ಒಂದು ವಸ್ತುವನ್ನು ತೋರಿಸಿ ಇನ್ನೊಂದನ್ನು ಮಾರಿದಂತೆ.

ಆದುದರಿಂದ ಆ ತಂದೆತಾಯಿಗಳಿಗೆ ಎರಡು ಉತ್ತರಗಳನ್ನು ಕೊಡಬೇಕಾಗುತ್ತದೆ. ಸಂಜೆ ಒಂದು ಗಂಟೆ ಆಡಿ ಉಸಿರು ಬಾಯಿಗೆ ಬಂದೊಡನೆ ಕುಳಿತುಕೊಳ್ಳುವ ಹುಡುಗನಾದರೆ, ಹೌದು, ಒಳ್ಳೆಯದು. ಬಾಯಿಗೆ ಬಂದ ಉಸಿರನ್ನು ನುಂಗಿಕೊಂಡು ಮತ್ತೆ ಸರ್ವೀಸಿಗೆ ನಿಲ್ಲುವ ಹುಡುಗನಾದರೆ ವ್ಯಾಯಾಮದ ಮಾತನ್ನು ಅಲ್ಲಿಗೆ ಬಿಟ್ಟು, ಆ ಮಂಡಿಯ ವಿಷಯವನ್ನು ಆತನನ್ನೂ ಎದುರಿಗೆ ಕೂರಿಸಿಕೊಂಡೇ ಹೇಳತಕ್ಕದ್ದು.